ಬುಡ ತೋರಿಸಿ, ಆಮೇಲೆ ಕೇಳಿ

"ಇದು ಯಾವ ಕಾಲದ್ದು, ಸ್ವಲ್ಪ ನೋಡಿ ಹೇಳ್ತೀರಾ?"

ವಾಟ್ಸಾಪಿನಲ್ಲಿ ಈ ಪ್ರಶ್ನೆ, ಜೊತೆಗೊಂದು ಫೋಟೋ. ಅದರಲ್ಲಿ ಪಳಪಳ ಹೊಳೆಯುವ ಹಿತ್ತಾಳೆಯ ಖಾಲಿ ತೋಟಾ. ಮದುವೆಮನೆಯಲ್ಲಿ ಪಾಯಸ ಬರುವ ಹೊತ್ತಿಗೆ ಸರಿಯಾಗಿ ಮೊಬೈಲು ಮುಂದೆ ಹಿಡಿಯುವವರು ಬೇರೆ. ಬಾಯಿ ಸೋತು ಬರೆಯುತ್ತಿದ್ದೇನೆ. ಇನ್ನು ಕೇಳಿದವರಿಗೆಲ್ಲ ಇದನ್ನೇ ಕಳಿಸುವುದು, ಬೇಜಾರಾದರೆ ಆಗಲಿ.

ನಾನು ಹಳೆಯ ಮಿಲಿಟರಿ ಕಾಡತೂಸುಗಳ ಖಾಲಿ ಕೋಶ ಕೂಡಿಡುವವ. ಶಿರಸಿ ಕಡೆ ಹೋಗಿ "ನನ್ನತ್ರ ತೋಟಾ ಇದೆ" ಅಂದರೆ ಎಷ್ಟು ಎಕರೆ, ಅಡಿಕೆ ಹೇಗಿದೆ ಅಂತ ಶುರುಮಾಡುತ್ತಾರೆ. ಕಾರವಾರದಲ್ಲಿ ಗುಂಡು ಅಂದರೆ ಕೇಳುವುದೇ ಬೇಡ, ಗೋವಾ ಪಕ್ಕದಲ್ಲೇ ಇದೆ. ಮೊದಲೆಲ್ಲ ನಾನೂ ನಗುತ್ತಿದ್ದೆ.

ವಿಷಯ ಇಷ್ಟೇ: ತೋಟಾದ ಜಾತಕ ಇರುವುದು ಬುಡದಲ್ಲಿ. ನೀವೋ ಆ ಬುಡವನ್ನೇ ಎರಡು ಬೆರಳಲ್ಲಿ ಮುಚ್ಚಿ ಹಿಡಿದು ಫೋಟೋ ತೆಗೆಯುತ್ತೀರಿ. ತ್ರೀ ನಾಟ್ ತ್ರೀ ಕೋಶದ ಉದ್ದ 56 ಮಿಲಿಮೀಟರ್, ಜರ್ಮನರ 7.92 ಮಿಲಿಮೀಟರ್ ಮೌಸರ್ ರೈಫಲ್ಲಿನದು 57. ಆ ಒಂದು ಮಿಲಿಮೀಟರ್ ಫೋಟೋದಲ್ಲಿ ಯಾರ ಅಪ್ಪನಿಗೂ ಕಾಣುವುದಿಲ್ಲ. ಬುಡ ಕಂಡರೆ ಕ್ಯಾಲಿಪರೂ ಬೇಡ. ಮೊದಲನೆಯದಕ್ಕೆ ತಟ್ಟೆಯ ಹಾಗೆ ಅಂಚು ಹೊರಗೆ ಚಾಚಿರುತ್ತದೆ, ಎರಡನೆಯದಕ್ಕೆ ಅಂಚು ಮೈಗೆ ಸಮ, ಮೇಲೆ ಸುತ್ತಲೂ ಒಂದು ಕಚ್ಚು.

ಇನ್ನು ಹುಣಸೆಹಣ್ಣು. ಶಿರಸಿಯ ಹಿರಿಯರೊಬ್ಬರು ಬಸ್ಸು ಹತ್ತಿ ನನ್ನ ಮನೆವರೆಗೆ ಬಂದಿದ್ದರು. ಪಂಚೆಯ ತುದಿಯಿಂದ ತೋಟಾ ಬಿಚ್ಚಿ ಮೇಜಿನ ಮೇಲಿಟ್ಟರು. ದೇವರ ದೀಪ ಬೆಳಗಿದ ಹಾಗೆ ಬೆಳಗಿದ್ದರು. ಬ್ರಿಟಿಷರ ತ್ರೀ ನಾಟ್ ತ್ರೀಯಲ್ಲಿ ಬುಡದ ನಡುವಿನ, ಮದ್ದಿಗೆ ಕಿಡಿ ಕೊಡುವ ಕ್ಯಾಪಿನ ಸುತ್ತ ಬಣ್ಣದ ಅರಗು ಹಚ್ಚುತ್ತಿದ್ದರು: ಸಾದಾ ಗುಂಡಿಗೆ ನೇರಳೆ, ಬೆಳಕು ಬಿಡುತ್ತ ಹೋಗುವ ಟ್ರೇಸರಿಗೆ ಕೆಂಪು, ಉಕ್ಕು ತೂರುವುದಕ್ಕೆ ಹಸಿರು, ಬೆಂಕಿ ಹಚ್ಚುವುದಕ್ಕೆ ನೀಲಿ. ಇಷ್ಟು ವರ್ಷ ಉಳಿದಿದ್ದಿರಬಹುದಾದ ಬಣ್ಣವನ್ನು ಇವರು ಅರ್ಧ ಗಂಟೆಯಲ್ಲಿ ಉಜ್ಜಿ ತೆಗೆದಿದ್ದರು.

"ಟಿಪ್ಪು ಕಾಲದ್ದು ಅಲ್ದ?"

ಟಿಪ್ಪು ಸತ್ತದ್ದು 1799ರಲ್ಲಿ. ಆಗ ಮದ್ದು, ಸೀಸದ ಉಂಡೆ ಎಲ್ಲ ನಳಿಕೆಯ ಬಾಯಿಂದ ತುರುಕಬೇಕಿತ್ತು, ಹಿತ್ತಾಳೆ ತೋಟಾ ಎಲ್ಲಿಂದ ಬರಬೇಕು? ಹಾಗೆಂದೆ. ಅವರು ಸೋಲಲಿಲ್ಲ. ಬುಡದಲ್ಲಿ ಕೆ, ಎಫ್ ಇತ್ತು: "ಕಾರವಾರ ಫೋರ್ಟು!" ಪಕ್ಕದಲ್ಲಿ ವಿ, ಅದರ ಮುಂದೆ ಎರಡು ಗೆರೆ: "ಎರಡನೇ ವಿಕ್ಟೋರಿಯಾ!"

ಎರಡನೇ ವಿಕ್ಟೋರಿಯಾ ಅಂತ ಯಾರೂ ಇರಲಿಲ್ಲ ಅಜ್ಜಾ. ಇದ್ದ ಒಬ್ಬಳು 1901ರಲ್ಲೇ ತೀರಿಕೊಂಡಳು. ಅದು ರೋಮನ್ ಏಳು. ಮಾರ್ಕ್ ಏಳು ಅನ್ನುವ ಚೂಪು ಮೂತಿಯ ಗುಂಡು ಬಂದದ್ದು 1910ರಲ್ಲಿ. ಕೆ ಎಫ್ ಅಂದರೆ ಪುಣೆ ಹತ್ತಿರದ ಕಿರ್ಕಿ ಕಾರ್ಖಾನೆ, ನಡುವಿನ ಬಾಣ ಸರಕಾರಿ ಸೊತ್ತಿನ ಗುರುತು, 43 ಅಂದರೆ 1943. ಅಜ್ಜನ ಮುಖ ಬಾಡಿತು. ಮಹಾಯುದ್ಧದ ವರ್ಷ ಅಂದರೂ ಸಮಾಧಾನವಾಗಲಿಲ್ಲ. ಚಾ ಕುಡಿದು, "ನಿಮಗೆ ಸರಿಯಾಗಿ ಗೊತ್ತಿಲ್ಲೆ ಕಾಣ್ತು" ಅಂತ ಹೇಳಿ ಹೋದರು.

ಅದಕ್ಕೆ ನಗಬಹುದು. ನಗಲಾರದ್ದು ಒಂದಿದೆ. ಒಂದು ಆಯುಧಪೂಜೆಯ ದಿನ ಬಂದ ಫೋಟೋದಲ್ಲಿ ಕತ್ತಿ, ಸ್ಕೂಟರಿನ ಕೀಲಿ, ನಡುವೆ ಕುಂಕುಮ ಹಚ್ಚಿಸಿಕೊಂಡು ಮೂತಿ ಸಮೇತ, ಅಂದರೆ ಗುಂಡು ಹಾರದೆ ಹಾಗೇ ಉಳಿದು, ನಿಂತ ತೋಟಾ. ಒಳಗೆ ಕಾರ್ಡೈಟು ಅನ್ನುವ ಮದ್ದು ಶಾವಿಗೆಯ ಕಟ್ಟಿನ ಹಾಗೆ ಕೂತಿರುತ್ತದೆ. ಅದನ್ನು ತುಂಬಿದ ಮೇಲೆಯೇ ಕೋಶದ ಕುತ್ತಿಗೆ ಬಿಗಿಯುತ್ತಿದ್ದದ್ದು. ಹಳೆಯದಾಯಿತೆಂದು ಅದು ಸಾಧುವಾಗುವುದಿಲ್ಲ. ಮೂತಿ ಇದ್ದರೆ ಉಜ್ಜಬೇಡಿ, ಬಡಿಯಬೇಡಿ, ನನಗೆ ತರಬೇಡಿ, ಪೊಲೀಸರಿಗೆ ತಿಳಿಸಿ. 1959ರ ಶಸ್ತ್ರಾಸ್ತ್ರ ಕಾಯ್ದೆಯಲ್ಲಿ ಪರವಾನಗಿ ಇಲ್ಲದೆ ಜೀವಂತ ತೋಟಾ ಇಟ್ಟುಕೊಳ್ಳುವುದು ಅಪರಾಧ. ನನ್ನಲ್ಲಿರುವುದೆಲ್ಲ ಸುಟ್ಟ ಕೋಶ. "ಒಂದೂ ನಿಜವಾದ್ದಿಲ್ವಾ?" ಅಂತ ಮೂಗು ಮುರಿಯುವವರೂ ಇದ್ದಾರೆ, ಅವರಿಗೆ ಚಾ ಇಲ್ಲ.

"ಇದರಿಂದ ಯಾರು ಸತ್ತರು?" ಅನ್ನುತ್ತೀರಿ. "ಎಷ್ಟಕ್ಕೆ ಹೋಗ್ತದೆ?" ಅನ್ನುತ್ತೀರಿ. ಇದು ಇಲ್ಲಿಗೆ ಹೇಗೆ ಬಂತು ಅಂತ ಒಬ್ಬರೂ ಕೇಳಿದ್ದಿಲ್ಲ.

ಮಾಜಾಳಿಯ ಒಂದು ಮನೆಗೆ ಬೇರೇನೋ ಕೆಲಸಕ್ಕೆ ಹೋಗಿದ್ದೆ. ಅಜ್ಜಿ ಅಂಗಿಗೆ ಗುಂಡಿ ಹಚ್ಚುತ್ತಿದ್ದರು. ಪಕ್ಕದ ಗೂಡಿನಲ್ಲಿ ಕಪ್ಪಾದ ಹಿತ್ತಾಳೆ ಕೋಶ, ಬಾಯಿಗೆ ಬಟ್ಟೆಯ ಬಿರಡೆ. ಅಲ್ಲಾಡಿಸಿದರೆ ಕಿಣಿಕಿಣಿ: ಒಳಗೆ ಸೂಜಿಗಳು. ತಿರುಗಿಸಿ ನೋಡಿದೆ. ಅಂಚು ಮೈಗೆ ಸಮ. ಬುಡದಲ್ಲಿ ಎಫ್ ಎನ್ ಎಂ. ಪೋರ್ಚುಗಲ್ಲಿನ ಸರಕಾರಿ ಮದ್ದುಗುಂಡು ಕಾರ್ಖಾನೆ! ಅವರ ಸೈನ್ಯ 1937ರ ಮೌಸರ್ ಹಿಡಿದಿತ್ತು. ನನ್ನ ತಲೆ ಆಗಲೇ ಕಾರವಾರದ ಎದುರಿನ, ಆಗ ಪೋರ್ಚುಗೀಸರ ಕೈಲಿದ್ದ ಅಂಜದೀವಿ ದ್ವೀಪಕ್ಕೆ ಓಡಿತ್ತು: 1961ರ ಡಿಸೆಂಬರ್ 18, ನಮ್ಮ ನೌಕಾಪಡೆ ದ್ವೀಪಕ್ಕಿಳಿದ ದಿನ. ಟಿಪ್ಪು ಅಜ್ಜನಿಗೂ ನನಗೂ ಏನು ವ್ಯತ್ಯಾಸ ಹೇಳಿ.

"ಎಲ್ಲಿ ಸಿಕ್ತು ಅಮ್ಮಾ?"

"ಅತ್ತೆದು. ನಾನು ಮದುವೆಯಾಗಿ ಬಂದಾಗಲೂ ಇಲ್ಲೇ ಇತ್ತು."

ಮದುವೆ ಯಾವ ವರ್ಷ? ದೊಡ್ಡ ಮಳೆಯ ವರ್ಷವಂತೆ. ವರ್ಷದ ಅಂಕಿಯೋ, ಗೂಡಿನ ಕಲ್ಲಿನ ಮೇಲೆ ಕೂತು ಕೂತು ಸವೆದಿತ್ತು. ಸೂಜಿಗಳನ್ನು ಅಂಗೈಗೆ ಸುರಿದುಕೊಂಡು, ಅಳೆಯಲು ಕೊಟ್ಟರು. 57. ಬುಡದ ಮೇಲೆ ಕಾಗದವಿಟ್ಟು ಪೆನ್ಸಿಲ್ ಉಜ್ಜಿ ಅಚ್ಚು ತೆಗೆದುಕೊಂಡೆ. ಕೊಡ್ತೀರಾ ಅಂತ ಕೇಳುವ ಧೈರ್ಯವೂ ಮಾಡಿದೆ.

"ಸೂಜಿ ಎಲ್ಲಿಡೋದು ಮತ್ತೆ?" ಅಂದವರು ಐದೂ ಸೂಜಿ ಎಣಿಸಿ ಒಳಗೆ ಹಾಕಿ, ಬಿರಡೆ ಒತ್ತಿದರು.