ಒಂಬತ್ತು ವಾರದ ಪಾಸ್‌ಪೋರ್ಟ್

ರಾತ್ರಿ ಹನ್ನೆರಡೂವರೆ. ದೇವನಹಳ್ಳಿ ವಿಮಾನ ನಿಲ್ದಾಣ. ಅಮ್ಮ ಕಟ್ಟಿಕೊಟ್ಟ ಹುಳಿಪುಡಿ, ಚಟ್ನಿಪುಡಿ ತುಂಬಿದ ಸೂಟ್‌ಕೇಸು ಆಗಲೇ ಬೆಲ್ಟಿನ ಮೇಲೆ ಕೂತಿತ್ತು. ಚೆಕ್-ಇನ್ ಕೌಂಟರಿನ ಹುಡುಗಿ ನನ್ನ ಪಾಸ್‌ಪೋರ್ಟನ್ನು ಎರಡು ಸಲ ತಿರುವಿ ನೋಡಿದಳು.

"ಸರ್, ಇದು ಮಾರ್ಚ್‌ನಲ್ಲಿ ಮುಗಿಯುತ್ತೆ. ಆರು ತಿಂಗಳಾದ್ರೂ ಇರಲೇಬೇಕು. ಬೋರ್ಡಿಂಗ್ ಪಾಸ್ ಕೊಡೋಕಾಗಲ್ಲ."

ಅದು 2023ರ ಜನವರಿ. ಉಳಿದಿದ್ದು ಬರೀ 9 ವಾರ. ನಾನಿರುವ ಜರ್ಮನಿಯ ಫ್ರಾಂಕ್‌ಫರ್ಟ್‌ನಲ್ಲೇ ಭಾರತದ ಕಾನ್ಸುಲೇಟ್ ಇದೆ, ಊರಿಗೆ ಹೊರಡುವ ಮೊದಲೇ ಹೊಸದು ಮಾಡಿಸಬಹುದಿತ್ತು. ವಾಪಸ್ ಬಂದು ಮಾಡಿಸಿದರಾಯ್ತು ಅಂತ ಸೋಮಾರಿತನ ಮಾಡಿದ್ದೆ. ಈಗ ಕೈಕಾಲು ತಣ್ಣಗಾಯಿತು.

"ನಾನು ಟೂರಿಸ್ಟ್ ಅಲ್ಲಮ್ಮ, ಅಲ್ಲೇ ಇರೋನು" ಅಂತ ಜರ್ಮನಿಯ ರೆಸಿಡೆನ್ಸ್ ಕಾರ್ಡ್, ಅಂದರೆ ಅಲ್ಲಿ ವಾಸಿಸುವ ಪರ್ಮಿಟ್, ಕೊಟ್ಟೆ. ಅದರ ಅವಧಿಯೂ ಪಾಸ್‌ಪೋರ್ಟ್ ಮುಗಿಯುವ ದಿನಕ್ಕೇ ಮುಗಿಯುತ್ತಿತ್ತು! ಅದನ್ನು ನೋಡಿ ಅವಳ ಅನುಮಾನ ಇನ್ನೂ ಜಾಸ್ತಿಯಾಯಿತು.

ಈ ಆರು ತಿಂಗಳ ಮಾತು ಎಲ್ಲರ ಬಾಯಲ್ಲೂ ಇದೆ. ಸಿಂಗಪುರಕ್ಕೋ ಇಂಡೋನೇಷ್ಯಾಕ್ಕೋ ಪ್ರವಾಸ ಹೋಗುವವರಿಗೆ ಅದು ಸರಿ. ಜರ್ಮನಿಯೂ ಸೇರಿದ ಯುರೋಪಿನ ಷೆಂಗೆನ್ ದೇಶಗಳ ಲೆಕ್ಕ ಬೇರೆ. ಅಲ್ಲಿಗೆ 90 ದಿನದೊಳಗಿನ ಭೇಟಿಗೆ ಹೋಗುವವರ ಪಾಸ್‌ಪೋರ್ಟ್, ವಾಪಸ್ ಹೊರಡುವ ದಿನದಿಂದ ಮುಂದೆ 3 ತಿಂಗಳು ಇರಬೇಕು. ಅದೂ ಕಳೆದ 10 ವರ್ಷದೊಳಗೆ ಕೊಟ್ಟದ್ದಾಗಿರಬೇಕು. ಆದರೆ ಅಲ್ಲಿನ ರೆಸಿಡೆನ್ಸ್ ಪರ್ಮಿಟ್ ಇರುವವನಿಗೆ ಈ 3 ತಿಂಗಳ ನಿಯಮವಿಲ್ಲ. ಪಾಸ್‌ಪೋರ್ಟೂ ಕಾರ್ಡೂ ಚಾಲ್ತಿಯಲ್ಲಿದ್ದರೆ ಸಾಕು. ಮನೆಗೆ ವಾಪಸ್ ಹೋಗುವವನನ್ನು "ಯಾವಾಗ ಹೊರಡ್ತೀಯ?" ಅಂತ ಕೇಳುವುದರಲ್ಲಿ ಅರ್ಥವೇನು?

ಇದನ್ನೆಲ್ಲ ಹೇಳಿದೆ. ಆದರೆ ಆ ಹೊತ್ತಲ್ಲಿ ಪ್ರಯಾಣಿಕನ ಮಾತಿಗೆ ಬೆಲೆಯಿಲ್ಲ. ಅವಳನ್ನೂ ಪೂರ್ತಿ ಬೈಯಲಾರೆ. ಸರಿಯಾದ ಕಾಗದವಿಲ್ಲದವನನ್ನು ಹತ್ತಿಸಿಕೊಂಡರೆ ದಂಡ ಬೀಳುವುದು ವಿಮಾನ ಕಂಪನಿಗೇ, ವಾಪಸ್ ಕರೆತರುವ ಹೊಣೆಯೂ ಅವರದೇ. "ಬೇಡ" ಅಂದುಬಿಡುವುದು ಅವರಿಗೆ ಸುಲಭ.

"ಟಿಮ್ಯಾಟಿಕ್‌ನಲ್ಲಿ ಒಂದ್ಸಲ ನೋಡಿ, ಪ್ಲೀಸ್" ಅಂದೆ. ಯಾವ ದೇಶಕ್ಕೆ ಯಾವ ಕಾಗದ ಬೇಕು ಅಂತ ವಿಮಾನ ಕಂಪನಿಗಳು ನೋಡುವುದು ಅದರಲ್ಲೇ. ಆ ಹೆಸರು ಕೇಳಿದ್ದೇ ತಡ, ಸೂಪರ್‌ವೈಸರನ್ನು ಕರೆದಳು. ಮಧ್ಯೆ ಅಮ್ಮನ ಫೋನು, "ಒಳಗೆ ಹೋದ್ಯೇನೋ?"

"ಹ್ಞೂಂ ಅಮ್ಮ, ಎಲ್ಲ ಆಯ್ತು, ನೀವು ಹೊರಡಿ" ಅಂದೆ. ಸುಳ್ಳು.

ಸೂಪರ್‌ವೈಸರ್ ಬಂದರು. ನನ್ನ ಪೌರತ್ವ ಯಾವುದು, ವಾಸ ಎಲ್ಲಿ ಅಂತ ಕೇಳಿ ಟೈಪ್ ಮಾಡಿದರು. ಮೊದಲು ಅವಳು "ವಾಸ" ಅನ್ನುವ ಕಡೆ ಭಾರತ ಅಂತ ಹಾಕಿದ್ದಳಂತೆ. ಜರ್ಮನಿ ಅಂತ ಹಾಕಿದ್ದೇ ಪರದೆಯ ಮೇಲೆ ಬೇರೆಯೇ ಉತ್ತರ ಬಂತು. ಅವರು ಸುಮ್ಮನೆ ತಲೆಯಾಡಿಸಿದರು, ಪ್ರಿಂಟರ್ ಕಿರ್ರೆಂದಿತು.

ನನ್ನದು ನೇರ ವಿಮಾನ, ಬಚಾವಾದೆ. ಬೇರೆ ದೇಶದಲ್ಲಿ ಇಳಿದು ಹತ್ತುವುದಿದ್ದರೆ ಅಲ್ಲಿನ ನಿಯಮವನ್ನೂ ನೋಡಬೇಕಾಗುತ್ತಿತ್ತು.

ಫ್ರಾಂಕ್‌ಫರ್ಟ್‌ನಲ್ಲಿ ಪೊಲೀಸ್ ಅಧಿಕಾರಿ ಕಾರ್ಡ್ ನೋಡಿದ, ಮುಖ ನೋಡಿದ. ಅರ್ಧ ನಿಮಿಷವೂ ಆಗಲಿಲ್ಲ. ಮುದ್ರೆ ಕೂಡ ಒತ್ತದೆ ಪಾಸ್‌ಪೋರ್ಟ್ ವಾಪಸ್ ಕೊಟ್ಟ. ಬ್ಯಾಗ್ ಬರುವವರೆಗೆ ಅಲ್ಲೇ ನಿಂತು, ಫೋನಿನಲ್ಲಿ ಹೊಸ ಪಾಸ್‌ಪೋರ್ಟಿನ ಅರ್ಜಿ ತುಂಬಲು ಶುರು ಮಾಡಿದೆ.