ಬ್ಲೂಮ್ಸ್‌ಡೇ ದಿನ ಯುಲಿಸಿಸ್ ಏಕೆ ಓದುವುದಿಲ್ಲ?

ಜೂನ್ ತಿಂಗಳು ಹುಟ್ಟಿತೆಂದರೆ ಡಬ್ಲಿನ್‌ನ ನನ್ನ ಸಹೋದ್ಯೋಗಿಗಳಿಂದ ಹಿಡಿದು ಊರಿನಿಂದ ಫೋನ್ ಮಾಡುವ ಗೆಳೆಯರವರೆಗೆ ಎಲ್ಲರೂ ಕೇಳುವ ಪ್ರಶ್ನೆ ಒಂದೇ: ಬ್ಲೂಮ್ಸ್‌ಡೇ ಆಚರಿಸುವ ನೀವು ಆ ದಿನ ಯುಲಿಸಿಸ್ ಬಿಟ್ಟು ಈ ನಗರದ ಬೇರೆ ಕಾದಂಬರಿಗಳನ್ನೇಕೆ ಓದುತ್ತೀರಿ? ಐರಿಶ್ ಲೇಖಕ ಜೇಮ್ಸ್ ಜಾಯ್ಸ್ ತನ್ನ ಯುಲಿಸಿಸ್ ಕಾದಂಬರಿಯನ್ನು 1904ರ ಜೂನ್ 16ರ ಒಂದೇ ದಿನದ ಡಬ್ಲಿನ್‌ನಲ್ಲಿ ಕಟ್ಟಿದ. ಅದರ ನಾಯಕ ಲಿಯೊಪೋಲ್ಡ್ ಬ್ಲೂಮ್‌ನ ಹೆಸರೇ ಪ್ರತಿ ವರ್ಷ ಅದೇ ತಾರೀಕಿಗೆ ಬರುವ ಈ ಹಬ್ಬಕ್ಕೂ ಬಂದಿದೆ. ಹಾಗಾಗಿ ಪ್ರಶ್ನೆ ಸಹಜವಾದದ್ದೇ. ನನಗೆ ಸಹಿಸಲಾಗದಿರುವುದು ಅದರ ಬೆನ್ನಿಗೇ ಬರುವ ಮಾತು: "ಅದು ತುಂಬಾ ಕಷ್ಟವಾಯಿತೇನೋ?"

ಹೌದು, ಕಷ್ಟವಾಯಿತು. ಆದರೂ ಎರಡು ಸಲ ಪೂರ್ತಿ ಓದಿದ್ದೇನೆ. ಇನ್ನು ಮುಂದೆ ಇದನ್ನು ಯಾರಿಗೂ ಬಾಯಿಬಿಟ್ಟು ಹೇಳುವುದಿಲ್ಲ.

ಮೂರು ವರ್ಷಗಳ ಹಿಂದೆ ಇದೇ ಹಬ್ಬದ ಬೆಳಿಗ್ಗೆ ಲಿಂಕನ್ ಪ್ಲೇಸ್‌ನ ಸ್ವೀನಿ ಅಂಗಡಿಯ ಮುಂದೆ ಸರದಿಯಲ್ಲಿ ನಿಂತಿದ್ದೆ. ಹಿಂದೆ ಔಷಧದಂಗಡಿಯಾಗಿದ್ದ ಅದನ್ನು ಈಗ ಜಾಯ್ಸ್‌ನ ಓದುಗರೇ ಸ್ವಯಂಸೇವಕರಾಗಿ ನಡೆಸುತ್ತಿದ್ದಾರೆ. ಕಾದಂಬರಿಯಲ್ಲಿ ಬ್ಲೂಮ್ ಇಲ್ಲಿಂದಲೇ ಒಂದು ನಿಂಬೆ ಸಾಬೂನು ತೆಗೆದುಕೊಂಡು, ಹಣ ಆಮೇಲೆ ಕೊಡುತ್ತೇನೆಂದು ಹೊರಟು, ದಿನವಿಡೀ ಅದನ್ನು ಜೇಬಿನಲ್ಲಿಟ್ಟುಕೊಂಡು ಅಲೆಯುತ್ತಾನೆ. ನಾನೂ ಕಾಗದದಲ್ಲಿ ಸುತ್ತಿದ ಒಂದು ಸಾಬೂನು ಕೊಂಡು ಚೀಲಕ್ಕೆ ಹಾಕಿಕೊಂಡೆ. ಆಗ ಹುಲ್ಲಿನ ಟೋಪಿ ತೊಟ್ಟ ಹಿರಿಯರೊಬ್ಬರು ಚೀಲದೊಳಗಿದ್ದ ಜೇಮ್ಸ್ ಪ್ಲಂಕೆಟ್‌ನ ಸ್ಟ್ರಂಪೆಟ್ ಸಿಟಿಯನ್ನು ನೋಡಿ, ತಪ್ಪು ಪುಸ್ತಕ ತಂದಿದ್ದೀರಿ ಎಂದು ಮೆಲ್ಲಗೆ ಬೆನ್ನು ತಟ್ಟಿದರು. ಉತ್ತರ ಹೊಳೆಯದೆ ಮುಗುಳ್ನಕ್ಕು ಬಂದುಬಿಟ್ಟೆ. ಆ ಪ್ರತಿಯ ಹಾಳೆಗಳಲ್ಲಿ ಇಂದಿಗೂ ನಿಂಬೆಯ ವಾಸನೆಯಿದೆ, ಅದನ್ನು ತೆರೆದಾಗಲೆಲ್ಲ ಅಂದು ಹೇಳದೆ ಉಳಿದ ಉತ್ತರ ನಾಲಗೆಯ ತುದಿಗೆ ಬರುತ್ತದೆ.

ಆ ಉತ್ತರ ಇದು. ಯುಲಿಸಿಸ್‌ನ ಏಳನೆಯ ಅಧ್ಯಾಯದ ಮೊದಲಿಗೆ ನಗರದ ಮುಖ್ಯ ಬೀದಿಯ ನೆಲ್ಸನ್ ಸ್ತಂಭದ ಬುಡದಿಂದ ಟ್ರಾಮುಗಳು ಒಂದೊಂದಾಗಿ ಹೊರಡುತ್ತವೆ, ನಿಯಂತ್ರಕ ಊರುಗಳ ಹೆಸರು ಕೂಗುತ್ತಿರುತ್ತಾನೆ. ಅಧ್ಯಾಯ ಮುಗಿಯುವ ವೇಳೆಗೆ ವಿದ್ಯುತ್ ಕೈಕೊಟ್ಟು ಎಲ್ಲ ಟ್ರಾಮುಗಳೂ ನಿಂತಲ್ಲೇ ನಿಂತಿರುತ್ತವೆ. ಒಂಬತ್ತು ವರ್ಷಗಳ ನಂತರ, 1913ರ ಆಗಸ್ಟ್ 26ರ ಬೆಳಿಗ್ಗೆ, ಅದೇ ಬೀದಿಯಲ್ಲಿ ಟ್ರಾಮುಗಳು ಮತ್ತೆ ನಿಂತವು. ಈ ಸಲ ವಿದ್ಯುತ್ತಿಗೆ ಏನೂ ಆಗಿರಲಿಲ್ಲ. ಜಿಮ್ ಲಾರ್ಕಿನ್‌ನ ಕಾರ್ಮಿಕ ಸಂಘದ ನೌಕರರು ಗಾಡಿಗಳನ್ನು ರಸ್ತೆಯ ನಡುವೆಯೇ ಬಿಟ್ಟು ಇಳಿದುಹೋದರು. ಮಾಲೀಕರು ಸಂಘ ಬಿಡದವರನ್ನು ಕೆಲಸದಿಂದ ಹೊರಗಿಟ್ಟರು, ಸುಮಾರು 20,000 ಕಾರ್ಮಿಕರ ಮನೆಗಳಲ್ಲಿ ತಿಂಗಳುಗಟ್ಟಲೆ ಒಲೆ ಉರಿಯುವುದೇ ಕಷ್ಟವಾಯಿತು. ಪ್ಲಂಕೆಟ್ 1969ರಲ್ಲಿ ಪ್ರಕಟಿಸಿದ ಕಾದಂಬರಿ ಆ ಲಾಕೌಟಿನದು. ಅದರಲ್ಲಿ ರ‍್ಯಾಷರ್ಸ್ ಟಿಯರ್ನಿ ಎಂಬ ಮುದುಕನಿದ್ದಾನೆ. ವಠಾರದ ನೆಲಮಾಳಿಗೆಯಲ್ಲಿ ನಾಯಿಯೊಂದಿಗೆ ಬದುಕುತ್ತಾನೆ, ತಗಡಿನ ಕೊಳಲೂದಿ ನಾಲ್ಕು ಕಾಸು ಸಂಪಾದಿಸುತ್ತಾನೆ. ಬ್ಲೂಮ್ ಬೆಳಗಿನ ಉಪಾಹಾರಕ್ಕೆ ಮೂತ್ರಪಿಂಡ ಹುರಿದುಕೊಳ್ಳುವುದನ್ನು ಓದಿದವರು ರ‍್ಯಾಷರ್ಸ್‌ನ ಹಸಿವನ್ನೂ ಓದಬೇಕೆಂಬುದು ನನ್ನ ಹಟ. ಇಬ್ಬರೂ ಒಂದೇ ಊರಿನವರು, ಹೆಚ್ಚುಕಡಿಮೆ ಒಂದೇ ಕಾಲದವರು.

ಇದರಿಂದ ಜಾಯ್ಸ್‌ಗೆ ಅಪಚಾರವಾಗುತ್ತದೆ ಎನ್ನುವವರಿಗೆ 1954 ನೆನಪಿರಲಿ. ಆ ವರ್ಷ ಈ ಹಬ್ಬಕ್ಕೆ ನಾಂದಿ ಹಾಡಿ, ಕುದುರೆಗಾಡಿಗಳಲ್ಲಿ ಬ್ಲೂಮ್‌ನ ದಾರಿ ಹಿಡಿದು ಹೊರಟವರಲ್ಲಿ ಕವಿ ಪ್ಯಾಟ್ರಿಕ್ ಕ್ಯಾವನಾ ಇದ್ದರು, ಫ್ಲಾನ್ ಓ'ಬ್ರಿಯನ್ ಎಂಬ ಹೆಸರಿನಲ್ಲಿ ಬರೆಯುತ್ತಿದ್ದ ಕಾದಂಬರಿಕಾರರೂ ಇದ್ದರು. ಅವರ ಯಾತ್ರೆ ಅರ್ಧ ದಾರಿಯಲ್ಲೇ ಬೇಲಿ ಎಂಬ ಪಬ್ಬಿನಲ್ಲಿ ಮುಗಿಯಿತು. ಓ'ಬ್ರಿಯನ್ ಆಗಲೇ, 1939ರಲ್ಲೇ, ತನ್ನದೇ ಡಬ್ಲಿನ್ ಕಾದಂಬರಿಯೊಂದನ್ನು ಬರೆದಾಗಿತ್ತು. ಅದರ ವಿದ್ಯಾರ್ಥಿ ಚಿಕ್ಕಪ್ಪನ ಮನೆಯ ಹಾಸಿಗೆಯಲ್ಲಿ ಬಿದ್ದುಕೊಂಡೇ ಕಾದಂಬರಿ ಬರೆಯುತ್ತಾನೆ, ಅದರೊಳಗಿನ ಪಾತ್ರಗಳು ತಮ್ಮನ್ನು ಸೃಷ್ಟಿಸಿದ ಲೇಖಕನ ಮೇಲೆಯೇ ತಿರುಗಿಬೀಳುತ್ತವೆ. ಅಷ್ಟು ನಗಿಸುವ ಪುಸ್ತಕವನ್ನು ಹಬ್ಬದ ದಿನ ಓದದೆ ಇನ್ನಾವಾಗ ಓದಬೇಕು?

ನಿಜ ಹೇಳಬೇಕೆಂದರೆ, ಏಕೆ ಎಂದು ಕೇಳುವವರು "ಈ ವರ್ಷ ಯಾವ ಡಬ್ಲಿನ್?" ಎಂದು ಕೇಳಿದ್ದರೆ ನಾನು ಸಂತೋಷದಿಂದ ಗಂಟೆಗಟ್ಟಲೆ ಮಾತನಾಡುತ್ತಿದ್ದೆ. ಕಳೆದ ವರ್ಷ ರಾಡಿ ಡಾಯ್ಲ್ 1987ರಲ್ಲಿ ಬರೆದ ದಿ ಕಮಿಟ್ಮೆಂಟ್ಸ್ ಓದಿದೆ; ಉತ್ತರ ಭಾಗದ ಬಡಾವಣೆಯ ಹುಡುಗ ಹುಡುಗಿಯರು ವಾದ್ಯಗೋಷ್ಠಿ ಕಟ್ಟುವ ಆ ಕಥೆಯಲ್ಲಿ ಪುಟದ ತುಂಬ ಮಾತೇ ಮಾತು, ಜಗಳ, ಹಾಡು. ಈ ವರ್ಷ ಐರಿಸ್ ಮರ್ಡಾಕ್ 1965ರಲ್ಲಿ ಪ್ರಕಟಿಸಿದ ದಿ ರೆಡ್ ಅಂಡ್ ದಿ ಗ್ರೀನ್, ಅಂದರೆ ಬ್ರಿಟಿಷ್ ಆಳ್ವಿಕೆಯ ವಿರುದ್ಧ ನಡೆದ 1916ರ ಈಸ್ಟರ್ ದಂಗೆಗೆ ಮುಂಚಿನ ದಿನಗಳ ಡಬ್ಲಿನ್. ಆ ದಂಗೆಯ ಕೇಂದ್ರವಾಗಿದ್ದ ಪ್ರಧಾನ ಅಂಚೆ ಕಚೇರಿ ಇರುವುದೂ ಟ್ರಾಮುಗಳು ನಿಂತ ಅದೇ ಬೀದಿಯಲ್ಲಿ. ಸ್ತಂಭವನ್ನು 1966ರಲ್ಲಿ ಸ್ಫೋಟಿಸಿ ಕೆಡವಿದರು, ಹಳೆಯ ಟ್ರಾಮುಗಳು ಅದಕ್ಕಿಂತಲೂ ಮೊದಲೇ ಹೋದವು. ಈಗ ಅಲ್ಲಿ ಲುವಾಸ್ ಎಂಬ ಹೊಸ ಟ್ರಾಮು ಓಡುತ್ತದೆ. ಜೂನ್ 16ರ ಬೆಳಿಗ್ಗೆ ಅಂಚೆ ಕಚೇರಿಯ ನಿಲ್ದಾಣದಲ್ಲಿ ಅದನ್ನು ಹತ್ತಿ, ಕಿಟಕಿಯ ಪಕ್ಕ ಕುಳಿತು, ಕೊನೆಯ ನಿಲ್ದಾಣದವರೆಗೂ ಓದುತ್ತೇನೆ. ಪಕ್ಕದ ಸೀಟು ಖಾಲಿಯಿದ್ದರೆ ಬನ್ನಿ, ಯಾವ ಡಬ್ಲಿನ್ ಎಂದು ಕೇಳಿ.