ಬೋಲ್ಟ್ ಬಿಗಿಯುವ ಹೊತ್ತು

ಸುರತ್ಕಲ್‌ನ ಗ್ಯಾರೇಜೊಂದರಲ್ಲಿ ಇಂದು ನಮ್ಮ ಹಳೆಯ ಎಸ್‌ಯುವಿಯ ಹಿಂಬದಿಯ ಸಸ್ಪೆನ್ಷನ್ ಆರ್ಮ್‌ಗಳನ್ನು, ಅಂದರೆ ಚಕ್ರವನ್ನು ಗಾಡಿಯ ಚೌಕಟ್ಟಿಗೆ ಜೋಡಿಸುವ ತೋಳುಗಳನ್ನು, ಬದಲಾಯಿಸಿದರು.

ಆರ್ಮ್‌ಗಿಂತ ಹೆಚ್ಚು ಸತಾಯಿಸಿದ್ದು ಅದನ್ನು ಹಿಡಿದಿಟ್ಟ ಬೋಲ್ಟ್. ಕಡಲ ಉಪ್ಪುಗಾಳಿಯೂ ಮಳೆಗಾಲದ ಕೆಸರೂ ಸೇರಿ ಅದು ಆರ್ಮ್‌ನ ತುದಿಯಲ್ಲಿರುವ ಬುಶ್ ಎಂಬ ರಬ್ಬರ್ ಜೋಡಣೆಯೊಳಗಿನ ಉಕ್ಕಿನ ಕೊಳವೆಗೆ ಕಚ್ಚಿಕೊಂಡು, ಎಣ್ಣೆಗೂ ಬಿಸಿಗೂ ಜಗ್ಗದೆ, ಕೊನೆಗೆ ಗ್ರೈಂಡರ್‌ನಿಂದ ಕತ್ತರಿಸಬೇಕಾಯಿತು.

ಹೊಸ ಆರ್ಮ್ ಕೂರಿಸಿದ ಮೇಲೂ ಮೆಕ್ಯಾನಿಕ್ ಬೋಲ್ಟನ್ನು ಪೂರ್ತಿ ಬಿಗಿಯಲಿಲ್ಲ. ಗಾಡಿಯನ್ನು ಕೆಳಗಿಳಿಸಿ, ಅದರ ಭಾರವೆಲ್ಲ ಚಕ್ರಗಳ ಮೇಲೆ ಬಿದ್ದ ನಂತರವೇ ಬಿಗಿದರು. ಚಕ್ರ ನೇತಾಡುತ್ತಿರುವಾಗಲೇ ಬಿಗಿದುಬಿಟ್ಟರೆ, ಗಾಡಿ ನೆಲದ ಮೇಲೆ ನಿಂತಾಗ ಬುಶ್‌ನ ರಬ್ಬರ್ ಸದಾ ತಿರುಚಿಕೊಂಡೇ ಇದ್ದು ಬೇಗ ಹರಿಯುತ್ತದೆ. ಯಾರ ಕಣ್ಣಿಗೂ ಬೀಳದ ಜಾಗದಲ್ಲಿ ಅವರು ತೋರಿದ ಈ ತಾಳ್ಮೆಯ ಬಗ್ಗೆ ನನಗೆ ತುಂಬು ಗೌರವ ಮೂಡಿತು.

ಕರಾವಳಿಯ ಗೆಳೆಯರೇ, ಗಾಡಿ ತೊಳೆಸುವಾಗ ತಳಭಾಗವನ್ನೂ ತೊಳೆಸಿ. ನಮ್ಮದಕ್ಕೆ ನಾಳೆ ವೀಲ್ ಅಲೈನ್‌ಮೆಂಟ್ ಮಾಡಿಸಬೇಕಿದೆ.